ಉಡುದಾರದ ಕೆಳಗಿನ ಹುಳುಕಡ್ಡಿ

ಪೆಟ್ರೋಲಿನ ವಾಸನೆ ಕೆಲವರಿಗೆ ಬಹಳ ಇಷ್ಟವಂತೆ. ನನಗೆ ಮಾತ್ರ ಆಗಿಬರುವುದಿಲ್ಲ. ಇವತ್ತು ಬೆಳಿಗ್ಗೆಯೂ ಬಂಕಿನಲ್ಲಿ ಗಾಡಿ ಬಿಟ್ಟು, ದೂರದ ಹೊಂಗೆ ಮರದಡಿ ಹೋಗಿ ನಿಂತೆ. ನಗಬೇಡಿ, ಕಾರಣ ಹೇಳುತ್ತೇನೆ.

ಹೊಸೂರಿನಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಬೇರಿಕೆಯ ನಮ್ಮ ಮನೆಯಿಂದ ಚಿಕ್ಕಪ್ಪ ಮೊಪೆಡ್ಡಿನಲ್ಲಿ ಶಿಫ್ಟಿಗೆ ಹೋಗುತ್ತಿದ್ದ. ದಪ್ಪ ಖಾಕಿಯೊಳಗೆ ಬೆವರು ಆರುತ್ತಿರಲಿಲ್ಲ. ಸೊಂಟದಲ್ಲಿ, ಸರಿಯಾಗಿ ಉಡುದಾರ ಕೂತ ಜಾಗದಲ್ಲಿ, ಹುಳುಕಡ್ಡಿ ಎದ್ದಿತು. ಮುಲಾಮಿಗೆ ಬಾಡುತ್ತಿತ್ತು, ಮುಲಾಮು ಮುಗಿಯುವ ಹೊತ್ತಿಗೆ ಚಿಗುರುತ್ತಿತ್ತು. ಊಟಕ್ಕೆ ಕೂತವನು ಎದ್ದು ಹೋಗಿ ಕಂಬಕ್ಕೆ ಸೊಂಟ ಉಜ್ಜುತ್ತಿದ್ದ. ನಾನಾಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಇದು ಹುಳವಲ್ಲ, ಶಿಲೀಂಧ್ರ ಎಂದು ಗಂಭೀರವಾಗಿ ಘೋಷಿಸಿದೆ.

“ಹೆಸ್ರು ಹೇಳುದ್ರೆ ಹೆದ್ರುಕೊಂಡು ಓಡೋಯ್ತದೇನ್ಲಾ?” ಎಂದ ಚಿಕ್ಕಪ್ಪ.

ಕೆಲಮಂಗಲದ ಡಾಕ್ಟರು ನೋಡಿದ ಕೂಡಲೇ ತಮಿಳು ಬೆರೆಸಿ ಬೈದರು. “ಈ ಒದ್ದೆ ದಾರದಲ್ಲೇ ಕಾಯಿಲೆ ಕೂತಿದೆ. ಮೊದಲು ಇದನ್ನ ತೆಗೀರಿ. ಪುರಿಯುದಾ?”

ಅರ್ಥವಾಗಿತ್ತು. ಆದರೆ ಮನೆಯಲ್ಲಿ ಅಜ್ಜಿಯಿದ್ದಳು. “ಉಡ್ದಾರ ಕೀಳೋದು ಹೆಣಕ್ಕೆ ಕಣ್ಲಾ. ನಾನಿರೋಗಂಟ ಆ ಮಾತು ಎತ್ಬ್ಯಾಡ.” ಗಂಡನ ಸೊಂಟದ್ದನ್ನು ಕೀಳುವುದನ್ನು ಅವಳು ಕಣ್ಣಾರೆ ನೋಡಿದ್ದವಳು. ಅವಳೊಂದಿಗೆ ವಾದಿಸಲು ನನ್ನ ಪಠ್ಯಪುಸ್ತಕದಲ್ಲಿ ಏನೂ ಇರಲಿಲ್ಲ.

ಕಾರ್ತೀಕದ ಒಂದು ಬೆಳಿಗ್ಗೆ. ಬಚ್ಚಲ ಹೊಗೆ ಸೂರಿನ ಕೆಳಗೆ ತೇಲುತ್ತಿತ್ತು, ಬಿಸಿಲು ಅದರೊಳಗೆ ಕೋಲುಗಳಾಗಿ ಇಳಿದಿತ್ತು. ಇಂದಿಗೂ ಅದು ನನಗೆ ಕನಸಿನಂತೆಯೇ ಕಾಣುತ್ತದೆ. ಚಿಕ್ಕಪ್ಪ ಮೊಪೆಡ್ಡಿನಿಂದ ಹಿಡಿದ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಸೊಂಟಕ್ಕೆ ಒತ್ತಿಕೊಳ್ಳುತ್ತಿದ್ದ. ಜೊತೆಗಾರ ಯಾರೋ ಹೇಳಿಕೊಟ್ಟ ಮದ್ದು.

“ದಾರ ಬಿಚ್ಚಂಗಿಲ್ಲ ತಾನೆ? ದಾರಕ್ಕೇ ಔಸ್ದಿ ಕುಡಿಸ್ತೀನಿ” ಎಂದು ನಕ್ಕ. ಹಾಗೆ ನಗುತ್ತಲೇ, ನೀರು ಕಾದಿದೆಯೇ ನೋಡಲು ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

ಸದ್ದೇ ಇರಲಿಲ್ಲ. ನೀಲಿ ಗೆರೆಯೊಂದು ಅವನ ಸೊಂಟವನ್ನು ಬಳಸಿತು, ಯಾರೋ ಹೊಸ ಉಡುದಾರ ಕಟ್ಟಿದಂತೆ. ಆಮೇಲೆ ಅದು ಹಳದಿಯಾಯಿತು. ಆಮೇಲೆ ಚಿಕ್ಕಪ್ಪ ಕೂಗಿದ. ನಾನೂ ಕೂಗಿದೆ. ಅಂಗಳದಿಂದ ಓಡಿಬಂದ ಅಜ್ಜಿ ಕೂಗಲಿಲ್ಲ. ಬೆಂಕಿಯೊಳಗೆ ಕೈಹಾಕಿ ಉರಿಯುವ ದಾರವನ್ನು ಹಿಡಿದು ಒಂದೇ ಸಲ ಕಿತ್ತಳು. ಕಿತ್ತವಳೇ ನೆನೆದ ಗೋಣಿಚೀಲ ಎಳೆದು ಮಗನಿಗೆ ಸುತ್ತಿ, ಅವನನ್ನು ಅಪ್ಪಿಕೊಂಡು ನೆಲಕ್ಕೆ ಕೂತಳು.

ಆಸ್ಪತ್ರೆಯಲ್ಲಿ ಸುಟ್ಟಗಾಯ ಮಾಯಲು ಬಹಳ ದಿನ ಹಿಡಿಯಿತು. ಜೊತೆಗೆ ಹುಳುಕಡ್ಡಿಗೂ ಮದ್ದು ನಡೆಯಿತು. ಈ ಸಲ ದಾರವಿರಲಿಲ್ಲ, ಕಾಯಿಲೆ ಮತ್ತೆ ಬರಲಿಲ್ಲ. ಗೋಡೆಗೆ ಒರಗಿ ಕೂರುವಷ್ಟಾದ ಮೇಲೆ ಚಿಕ್ಕಪ್ಪ ಅಜ್ಜಿಯನ್ನು ಕೆಣಕಿದ.

“ಉಡ್ದಾರ ಕಿತ್ತಾಕ್ಬುಟ್ಯಲ್ಲವ್ವ, ಇನ್ ನಾನು ಹೆಣಾನಾ?”

“ಹೆಣ ಇಂಗೆ ಬಾಯ್ ಬಡ್ಕಂತದೇನ್ಲಾ?” ಎಂದಳು. ಪಟ್ಟಿ ಕಟ್ಟಿದ ಕೈಯಿಂದಲೇ ಅವನ ಬಾಯಿಗೆ ಗಂಜಿ ಹಿಡಿದಳು.

ಇಷ್ಟು ವರ್ಷ ನಾನು ಆ ನೀಲಿ ಗೆರೆಯನ್ನೇ ಮತ್ತೆ ಮತ್ತೆ ನೋಡುತ್ತ ಬಂದೆ. ಅಲ್ಲಿಗೇ ನೆನಪು ನಿಂತುಬಿಡುತ್ತಿತ್ತು. ಇವತ್ತು ನಿಮಗೆ ಹೇಳುವ ನೆಪದಲ್ಲಿ ಇನ್ನೊಂದು ಗಳಿಗೆ ಮುಂದೆ ಹೋದೆ. ಅಲ್ಲಿ ಅಜ್ಜಿ ಬಚ್ಚಲ ನೆಲದ ಮೇಲೆ ಕೂತಿದ್ದಾಳೆ. ಎಷ್ಟು ಹೇಳಿದರೂ ದಾರ ಹಿಡಿದ ಮುಷ್ಟಿ ಬಿಚ್ಚುತ್ತಿಲ್ಲ. ಬೆಂಕಿ ಆರಿದೆ.