ಹಿಟ್ಟು ಮುಟ್ಟದ ಇರುವೆ

ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿ ಮುಂದೆ ಹೋದರೆ ಈಗಲೂ ಕಾಲು ನಿಲ್ಲುತ್ತದೆ. ಆಗಷ್ಟೇ ಬೀಸಿದ ಅಕ್ಕಿಹಿಟ್ಟಿನ ಬಿಸಿ ವಾಸನೆಗೆ ನಮ್ಮ ವಠಾರದ ಬಾಗಿಲು ಕಣ್ಣಿಗೆ ಬರುತ್ತದೆ. ವಠಾರ ಈಗಿಲ್ಲ. ಹೆಂಚು ಇಳಿಸಿ ಮೂರು ಮಹಡಿ ಎಬ್ಬಿಸಿದ್ದಾರೆ. ನಿಮ್ಮದೂ ಅಂಥ ಒಂದು ಮನೆ ಹೋಗಿರುತ್ತದೆ, ಹೆಚ್ಚು ಹೇಳಬೇಕಿಲ್ಲ.

ಅಜ್ಜಿ ಕಲ್ಲಿನ ರಂಗೋಲಿ ಪುಡಿ ಮುಟ್ಟುತ್ತಿರಲಿಲ್ಲ. ಇರುವೆ ತಿನ್ನಲಿ ಅಂತ ಅಕ್ಕಿಹಿಟ್ಟಿನಲ್ಲೇ ಎಳೆ ಎಳೆಯುತ್ತಿದ್ದರು. ತಾತ ಹೋದ ಮೇಲೆ ಅಜ್ಜಿಯ ಜೀವವೆಲ್ಲ ಆ ಹಿಟ್ಟಿನ ಮೇಲೇ ಇತ್ತು. ಕೊನೆ ದಿನಗಳಲ್ಲಿ ತಾತ ಅಕ್ಕಿರೊಟ್ಟಿ ಕೇಳಿದ್ದರು. ಶುಗರ್ ಜಾಸ್ತಿ, ಕೊಡಬೇಡಿ ಅಂದಿದ್ದರು ಡಾಕ್ಟರು. ಅಜ್ಜಿ ರಾಗಿ ಗಂಜಿ ಕೊಟ್ಟರು. ತಿಥಿಯ ದಿನ ಕಾಗೆ ಎಡೆ ಮುಟ್ಟಲು ಮಧ್ಯಾಹ್ನ ಮಾಡಿತು. ಅಲ್ಲಿಂದ ಅಜ್ಜಿಗೆ ನಿದ್ದೆಯೇ ಇಲ್ಲ.

ರಂಗೋಲಿಗೆ ಬರುತ್ತಿದ್ದ ಕಪ್ಪಿರುವೆಗಳಲ್ಲಿ ಒಂದು ಮಾತ್ರ ಹಿಟ್ಟು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲೇ ಓಡಾಡುವುದು, ಮೀಸೆ ಆಡಿಸುವುದು, ಹೋಗುವುದು. ಅಜ್ಜಿ ಹೊಸ್ತಿಲ ಹತ್ತಿರ ಕೂತು ಅದನ್ನೇ ನೋಡುತ್ತಿದ್ದರು.

“ಅವ್ರೇ ಕಣೋ, ನಿಮ್ ತಾತ. ಇನ್ನೂ ಸಿಟ್ಟು ಹೋಗಿಲ್ಲ.”

“ಅದಕ್ಕೂ ಶುಗರ್ ಇರ್ಬೇಕು ಬಿಡಮ್ಮ,” ಅಂದ ಚಿಕ್ಕಪ್ಪ. ಅಜ್ಜಿ ನಗಲಿಲ್ಲ.

ಒಂದು ಬೆಳಿಗ್ಗೆ ನಾನು ಪೊರಕೆಕಡ್ಡಿ ಅಡ್ಡ ಇಟ್ಟೆ. ಇರುವೆಯಾದರೆ ಬಳಸಿಕೊಂಡು ಹೋಗಬೇಕು. ಇದು ತಿರುಗಿ ನನ್ನನ್ನು ನೋಡಿತು, ಚಂಗನೆ ಕಡ್ಡಿಗೆ ಹಾರಿತು. ಕಡ್ಡಿ ಎತ್ತಿದರೆ ತುದಿಯಿಂದ ನೂಲು ಬಿಟ್ಟು ನೇತಾಡಿತು.

“ಅಜ್ಜಿ, ಇದು ಇರುವೆ ಅಲ್ಲ! ಜೇಡ!”

“ಸುಮ್ನಿರೋ ಕತ್ತೆ.”

ಆದರೂ ಕನ್ನಡಕ ಹಾಕಿಕೊಂಡು ಬಂದರು. ಕಾಲು ಎಂಟಿದ್ದವು. ನಾವು ಮೀಸೆ ಅಂದುಕೊಂಡಿದ್ದು ಮುಂದಿನ ಎರಡು ಕಾಲು. ಅವನ್ನು ಎತ್ತಿ ಹಿಡಿದು ಇರುವೆ ಹಾಗೆ ಆಡಿಸುತ್ತಿತ್ತು, ಕಳ್ಳ.

“ಜೇಡ ಹಿಟ್ಟೆಲ್ಲಿ ತಿನ್ನತ್ತಮ್ಮ? ಅದು ಹುಳ ಹಿಡಿಯೋ ಜಾತಿ,” ಅಂದ ಚಿಕ್ಕಪ್ಪ.

ಅಜ್ಜಿ ರಂಗೋಲಿ ಕಡೆ ತಿರುಗಿದರು. ಅಲ್ಲಿ ಇರುವೆಗಳು ಸಾಲಾಗಿ ಹಿಟ್ಟು ಹೊರುತ್ತಿದ್ದವು.

“ಹಾಗಾದ್ರೆ ತಿಂತಿರೋರಲ್ಲೇ ಅವ್ರೂ ಇದಾರೆ.”

ಆ ಮಧ್ಯಾಹ್ನ ನಡುಮನೆಯ ಕೆಂಪು ನೆಲದ ಮೇಲೆ, ಕೈಯನ್ನೇ ದಿಂಬು ಮಾಡಿಕೊಂಡು ಅಜ್ಜಿ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಬಂತು. ಚಿಕ್ಕಪ್ಪ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದವನು ರೇಡಿಯೋ ಆರಿಸಿದ. ಹಾಲಿನವನು ಕೂಗುವ ಮೊದಲೇ ನಾನು ಪಾತ್ರೆ ಹಿಡಿದು ಗೇಟಿಗೆ ಓಡಿದೆ. ಸಂಜೆವರೆಗೂ ಮನೆಯಲ್ಲಿ ಗೊರಕೆಯೊಂದೇ ಸದ್ದು. ಅಜ್ಜಿಯೂ ಹೋಗಿ ವರ್ಷಗಳಾದವು. ಆ ಗೊರಕೆ ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದೆ, ಅಷ್ಟೇ.