ವಲ್ಲಿಯ ಕೆಳಗಿನ ಪ್ರಾರ್ಥನೆ

ಆಗೆಲ್ಲ ಅಜ್ಜಂಪುರದ ಸಂತೆಯಲ್ಲಿ ದನದ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಳ್ಳಾಳಿ ತನ್ನ ಹೆಗಲುಬಟ್ಟೆ ವಲ್ಲಿಯನ್ನು ಕೈಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ಮಾರುವವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದರೆ ಅಷ್ಟು ದರ. ಕೈ ಎಳೆದುಕೊಂಡರೆ ಆಗದು ಎಂದು ಅರ್ಥ, ಇಡೀ ಅಂಗೈ ಅಮುಕಿದರೆ ಒಪ್ಪಿಗೆ. ಸುತ್ತ ನೂರು ಜನ ನಿಂತಿದ್ದರೂ ವಲ್ಲಿಯ ಕೆಳಗೆ ಏನು ನಡೆಯಿತೆಂದು ಆ ಇಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ದನದ ಸಗಣಿ, ಹುರಿಗಾಳು, ಬೀಡಿ, ಬೆವರು ಎಲ್ಲ ಬೆರೆತ ಆ ವಲ್ಲಿಯ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ನಮ್ಮಪ್ಪ ದಳ್ಳಾಳಿ ಬಸಪ್ಪ. ಹುಲ್ಲುಗಾವಲಿನ ಹೋರಿಗಳ ವ್ಯಾಪಾರವೆಂದರೆ ಕಡೂರು, ತರೀಕೆರೆ ಕಡೆಯವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಹಾಗಾಗಿ ಅಪ್ಪ ನನ್ನನ್ನು ಸಂತೆಗೂ ಕರೆದೊಯ್ಯುತ್ತಿದ್ದ. ಓಣಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುವಾಗ ನಾನು ಜೇಡಿಮಣ್ಣಿನ ಎತ್ತು ಮಾಡಿ, ಹರಕು ಬಟ್ಟೆಯ ಕೆಳಗೆ ಅವರ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದೆ. ಅಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: "ನೋಡು ಗಂಗೀ, ದರ ಕುದುರೋಗಂಟ 'ನಿಮ್ಮಿಷ್ಟ' ಅನ್ನೋ ಮಾತು ಬಾಯಿಂದ ಬರ್‌ಕೂಡ್ದು. ಬಂತೋ, ಎದುರಿನವ್ನು ಹೋರಿ ಹೊಡ್ಕೊಂಡು ಹೊಂಟೇಬಿಟ್ಟ." ಈಗ ನನ್ನದು ಕೊಬ್ಬರಿ ವ್ಯಾಪಾರ; ಇಂದಿಗೂ ಮಂಡಿಗೆ ಹೋಗುವ ಹೊಸಬರಿಗೆ ನಾನು ಹೇಳುವುದು ಅದನ್ನೇ. ಚೀಲ ಮುಟ್ಟಿ ನೋಡಿ, ಕೊಬ್ಬರಿ ಮುರಿದು ಮೂಸಿ, ಆಮೇಲೆ ಸುಮ್ಮನಿರಿ. 'ನಿಮ್ಮಿಷ್ಟ' ಅನ್ನಬೇಡಿ.

ನನಗೆ ಎಂಟೋ ಒಂಬತ್ತೋ ಆದ ವರ್ಷ ಸಂಕ್ರಾಂತಿ ಕಳೆದಿತ್ತು, ಅವರೆಕಾಯಿಯ ಸೊಗಡು ಇನ್ನೂ ಊರು ಬಿಟ್ಟಿರಲಿಲ್ಲ. ಸಂತೆಯಲ್ಲಿ ಹೊಸ ಹೋರಿಯೊಂದು ಬೆದರಿ ಓಡಿತು. ಅದರ ಹಗ್ಗ ಅಪ್ಪನ ಬಲಗೈಗೆ ಸುತ್ತಿಕೊಂಡಿತ್ತು. ಹಗ್ಗ ಬಿಡಿಸುವಷ್ಟರಲ್ಲಿ ಬೆರಳುಗಳ ಚರ್ಮ ಕಿತ್ತು ಮೂಳೆ ಕಂಡಿತ್ತು. ಮನೆಯಲ್ಲಿ ಸೊಪ್ಪು ಅರೆದು ಕಟ್ಟಿದೆವು. ಕೈ ಹಲಸಿನ ಕಾಯಿಯಂತೆ ಊದಿ, ಕೆಟ್ಟ ವಾಸನೆ ಬರತೊಡಗಿ, ಅಪ್ಪನಿಗೆ ಜ್ವರ ಏರಿದಾಗ ಚಿಕ್ಕಪ್ಪ ಮಲ್ಲಪ್ಪ ಗಾಡಿ ಕಟ್ಟಿ ನಮ್ಮಿಬ್ಬರನ್ನೂ ತರೀಕೆರೆಯ ಕ್ರೈಸ್ತ ಮಿಷನ್ ದವಾಖಾನೆಗೆ ಕರೆತಂದ. ಜಾತಿ ಕೆಡಿಸುತ್ತಾರೆಂಬ ಹೆದರಿಕೆಯಲ್ಲಿ ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದ.

ಡಾಕ್ಟರು ನಮ್ಮ ನಾಡಿನವರೇ, ಬಿಳಿ ಕೂದಲಿನ ನಿಧಾನಸ್ಥರು. ಕೈ ತೊಳೆದು, ಕೊಳೆತದ್ದನ್ನು ಕತ್ತರಿಸಿ ತೆಗೆದು, ಮೊಣಕೈಗಿಂತ ಸ್ವಲ್ಪ ಕೆಳಗೆ ಶಾಯಿಯಿಂದ ಒಂದು ಗೆರೆ ಎಳೆದರು. ನಂಜಿನ ಕೆಂಪು ಆಗ ಮಣಿಕಟ್ಟಿನವರೆಗೆ ಏರಿತ್ತು.

"ನಾಳೆಯೊಳಗೆ ಈ ಕೆಂಪು ಏರಿ ಗೆರೆಯನ್ನು ಮುಟ್ಟಿದರೆ ಕೈ ತೆಗೆಯಬೇಕಾಗುತ್ತದೆ. ಇಲ್ಲವಾದರೆ ನಂಜು ಮೈಗೆಲ್ಲ ಏರುತ್ತದೆ" ಎಂದರು.

ಅಪ್ಪ ಎಡಗೈಯಲ್ಲಿ ನನ್ನ ರಟ್ಟೆ ಹಿಡಿದ. ಅವನ ಕೈ ಕಾದ ಕಾವಲಿಯಂತಿತ್ತು. "ಗಂಗೀ, ಕೈ ತೆಗೆಯೋಕೆ ಬಿಡ್ಬೇಡ ಕಣೇ. ಬಲಗೈ ಇಲ್ದಿರೋ ದಳ್ಳಾಳಿ ಯಾವ ಸಂತೇಲಿ ನಿಂತ್ಕೋತಾನೆ?" ಅಂದ. ನಾನು ತಲೆ ಆಡಿಸಿದೆ. ಅಪ್ಪನಿಗೆ ಮಾತು ಕೊಟ್ಟಂತಾಯಿತು.

ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು ಎಸ್ತರಮ್ಮ. ದಪ್ಪ ಬಿಳಿ ಸೀರೆ, ಕೈಯಲ್ಲಿ ಸದಾ ಕಾರ್ಬಾಲಿಕ್ ಸೋಪಿನ ವಾಸನೆ. ನಾನು ಜಗಲಿಯಲ್ಲಿ ಹಸಿದು ಕೂತಿದ್ದನ್ನು ನೋಡಿ ಅವಳು ಅನ್ನ ತರಲಿಲ್ಲ. ಒಂದು ಎಲೆಯಲ್ಲಿ ಹುರಿಗಡಲೆ, ಬೆಲ್ಲ ತಂದಿಟ್ಟಳು.

"ಇದು ಅಂಗಡೀದು ಕಣವ್ವಾ, ನಾನು ಬೇಯಿಸಿದ್ದಲ್ಲ. ನಿಮ್ ಚಿಕ್ಕಪ್ಪ ಬೈಯಲ್ಲ, ತಿನ್ನು."

ಗಿರಾಕಿಯ ಮನಸ್ಸು ಅರಿತು ಸರಕು ಇಡುವುದೆಂದರೆ ಹೀಗೆ. ಬೆಲ್ಲ ಕಚ್ಚಿದ ಕೂಡಲೇ ಅಳು ಬಂತು. ಅಪ್ಪನ ಕೈ ಉಳಿಯುತ್ತದಾ ಎಂದು ಕೇಳಿದೆ.

"ನಂಗೆ ಗೊತ್ತಿಲ್ಲ ಮಗಾ. ದೇವರನ್ನ ಕೇಳಾಣ."

"ಯಾವ ದೇವರು? ಎಲ್ಲವ್ನೆ?"

"ಕಣ್ಣಿಗೆ ಕಾಣಲ್ಲ. ಆದ್ರೆ ಇಲ್ಲೇ ಅವ್ನೆ, ನಿನ್ನ ಹತ್ರಾನೇ. ನೀನು ಮನಸಲ್ಲಿ ಅಂದ್ರೂ ಅವನಿಗೆ ತಿಳೀತದೆ."

ಕಾಣುವುದಿಲ್ಲ, ಮಾತಿಲ್ಲ, ಆದರೆ ತಿಳಿಯುತ್ತದೆ! ನನಗೆ ಇದು ಹೊಸದೇನೂ ಅಲ್ಲ ಅನ್ನಿಸಿತು. ಎಸ್ತರಮ್ಮ ಒಳಗೆ ಹೋದದ್ದೇ ತಡ, ಅಪ್ಪನ ಮಂಚದ ಕಾಲಿಗೆ ಕಟ್ಟಿದ್ದ ವಲ್ಲಿ ಬಿಚ್ಚಿ ತಂದು, ನನ್ನ ಬಲಗೈಮೇಲೆ ಹೊದಿಸಿ, ಖಾಲಿ ಜಗಲಿಯತ್ತ ಕೈ ಚಾಚಿ ಕೂತೆ. ನನ್ನ ಕಾಲಿನ ಬೆಳ್ಳಿ ಸರಪಣಿ ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಅಂದೆ. ಯಾರೂ ಬೆರಳು ಹಿಡಿಯಲಿಲ್ಲ. ನನ್ನ ಕರುವನ್ನೂ ಕೊಡುತ್ತೇನೆ. ಇಲ್ಲ. ಇನ್ನು ಬೆಲ್ಲವನ್ನೇ ಮುಟ್ಟುವುದಿಲ್ಲ. ರಟ್ಟೆ ನೋಯತೊಡಗಿತು. ಎದುರಿನವನು ಗಟ್ಟಿ ಕುಳ, ಕಾಯಿಸುತ್ತಿದ್ದಾನೆ ಅಂದುಕೊಂಡು ಕೈ ಇಳಿಸದೆ ಕೂತೆ.

ಚಿಕ್ಕಪ್ಪ ಬಂದವನು ನೋಡಿ ನಕ್ಕ. "ಏನೇ ಇದು, ಗಾಳಿಗೆ ಎತ್ತು ಮಾರ್ತಿದೀಯಾ?"

ಎಸ್ತರಮ್ಮ ನಗಲಿಲ್ಲ. ವಿಷಯ ಕೇಳಿ ತಿಳಿದುಕೊಂಡು ನನ್ನ ಪಕ್ಕದಲ್ಲಿ ಮಂಡಿಯೂರಿದಳು. ವಲ್ಲಿ ತೆಗೆದು ಮಡಿಸಿ ಕೆಳಗಿಟ್ಟಳು.

"ಇವನ ಹತ್ರ ಮರೆ ಇಲ್ಲ ಮಗಾ. ಎರಡೂ ಕೈ ಜೋಡಿಸು. ಕೈಯಾಗೆ ಏನೂ ಇಲ್ಲ ಅಂತ ತೋರಿಸೋದೇ ಪ್ರಾರ್ಥನೆ. ಹೂಂ, ಅನ್ನು: ಪರಲೋಕದಲ್ಲಿರುವ ನಮ್ಮ ತಂದೆಯೇ…"

"ನಂಗೊಬ್ಬ ಅಪ್ಪ ಅವ್ನಲ್ವಾ? ಇನ್ನೊಬ್ಬ ಯಾಕೆ?"

"ನಿಮ್ಮಪ್ಪ ಈಗ ಒಳಗೆ ಒಬ್ನೇ ನರಳ್ತಾ ಅವ್ನೆ. ಅವನಿಗೂ ಒಬ್ಬ ಅಪ್ಪ ಬೇಡ್ವಾ?"

ಅದು ಸರಿ ಅನ್ನಿಸಿತು. ಅವಳು ಹೇಳಿದಂತೆ ಹೇಳುತ್ತ ಹೋದೆ. ಅರ್ಥವಾಗದ ಮಾತೂ ನಾಲಿಗೆಗೆ ಹಿತವಾಗಿತ್ತು. ಆದರೆ "ನಿನ್ನ ಚಿತ್ತವು ನೆರವೇರಲಿ" ಎಂಬಲ್ಲಿ ನಿಂತೆ.

"ಹಂಗಂದ್ರೆ?"

"ನಿನ್ನಿಷ್ಟದಂಗೇ ಆಗ್ಲಿ ಅಂತ."

ನಾನು ಬಾಯಿ ಮುಚ್ಚಿಬಿಟ್ಟೆ. ಇನ್ನೂ ದರವೇ ಕುದುರಿಲ್ಲ, ಈಗಲೇ 'ನಿಮ್ಮಿಷ್ಟ' ಅನ್ನುವುದೇ?

"ಅದನ್ನ ಹೇಳಲ್ಲ. ಹೇಳಿದ್ರೆ ಅವ್ನು ಕೈ ತಗೊಂಡು ಹೋಗ್ತಾನೆ."

ಎಸ್ತರಮ್ಮ ಒತ್ತಾಯ ಮಾಡಲಿಲ್ಲ. "ಸರಿ, ಅದೊಂದು ಬಿಟ್ಟು ಹೇಳು. ಬಾಯಿಗೆ ಬಂದಾಗ ಹೇಳೀಯಂತೆ" ಎಂದಳು. ಆ ಸಂಜೆಯೆಲ್ಲ ನಾನು ಆ ಒಂದು ಮಾತು ಬಿಟ್ಟು, ಅದರ ಹಿಂದಿನದನ್ನೂ ಮುಂದಿನದನ್ನೂ ಹೇಳುತ್ತಿದ್ದೆ. ಆ ಜಾಗ ಬಂದಾಗಲೆಲ್ಲ ಉಸಿರು ಹಿಡಿದು ಹಾರಿ ದಾಟುತ್ತಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಮೇಲೆ ಬಂದಿತ್ತು. ಗೆರೆಗೆ ಇನ್ನು ಎರಡು ಬೆರಳಿನ ಅಂತರ. ಬಿಸಿಲು ಜಗಲಿಗೆ ಬರುವಷ್ಟರಲ್ಲಿ ಒಂದು ಬೆರಳು. ನಾನು ಗೆರೆಯ ಮೇಲಿಂದ ಕಣ್ಣು ಕೀಳಲಿಲ್ಲ. ಡಾಕ್ಟರು ಬಂದು ನೋಡಿ, ಚಿಕ್ಕಪ್ಪನನ್ನು ಕರೆದರು. ಕೆಂಪು ಶಾಯಿಯನ್ನು ಮುಟ್ಟಿತ್ತು.

"ಇನ್ನು ತಡಮಾಡುವಂತಿಲ್ಲ. ನೀವು ಒಪ್ಪಿದರೆ ಈಗಲೇ."

"ಒಪ್ಪಲ್ಲ" ಅಂದ ಚಿಕ್ಕಪ್ಪ. "ಲಿಂಗದಹಳ್ಳೀಲಿ ಔಷಧಿ ಕೊಡೋ ಪಂಡಿತ್ರೊಬ್ರು ಅವ್ರೆ. ಈಗ್ಲೇ ಗಾಡಿ ಕಟ್ತೀನಿ. ನಮ್ಮಣ್ಣಂದು ಅನ್ನ ತಿನ್ನೋ ಕೈ, ಲಿಂಗಕ್ಕೆ ವಿಭೂತಿ ಹಚ್ಚೋ ಕೈ. ಅದನ್ನ ಕೊಯ್ಸಿ ಮನೆಗೆ ಕರ್ಕೊಂಡೋಗಿ ಜನಕ್ಕೆ ಏನಂತ ಹೇಳ್ಲಿ?"

"ಗಾಡಿಯಲ್ಲಿ ಹಾಕಿದರೆ ಅವರು ಊರು ಮುಟ್ಟುವುದಿಲ್ಲಪ್ಪ."

"ಅವನನ್ನೇ ಕೇಳಿ."

ಅಪ್ಪ ಅರೆಗಣ್ಣು ತೆರೆದು, "ಕೈ ಮುಟ್ಬೇಡಿ" ಅಂದ. ಚಿಕ್ಕಪ್ಪ ಡಾಕ್ಟರ ಮುಖ ನೋಡಿದ: "ಕೇಳಿದ್ರಲ್ಲ?" ಅಂದವನೇ ಎತ್ತು ಹೂಡಲು ಹೊರಗೆ ನಡೆದ.

ನಾನು ಜಗಲಿಗೆ ಓಡಿ, ಎಸ್ತರಮ್ಮ ಕೂರಿಸಿದ್ದ ಜಾಗದಲ್ಲೇ ಮಂಡಿಯೂರಿದೆ. ನೊಗದ ಕೀಲು ಬಡಿಯುವ ಸದ್ದು ಕೇಳುತ್ತಿತ್ತು. ಸರಪಣಿ, ಕರು, ಬೆಲ್ಲ ಎಲ್ಲವನ್ನೂ ಮತ್ತೆ ಮುಂದಿಟ್ಟೆ. ಕೈ ಕೊಡು, ಕೈ ಕೊಡು, ಕೈ ಕೊಡು. ಹಾಗೆ ಹೇಳುತ್ತಿರುವಾಗ, ಸಂತೆಯಲ್ಲಿ ಎಷ್ಟೋ ಸಲ ನೋಡಿದ್ದೊಂದು ಫಕ್ಕನೆ ನೆನಪಿಗೆ ಬಂತು: ಕೊಂಬಿನ ಅಂದಕ್ಕೆ ಮರುಳಾಗಿ, ಅದನ್ನೇ ಹೊಗಳುತ್ತ, ಹೋರಿಯನ್ನೇ ಕೈಬಿಡುವ ಗಿರಾಕಿ. ನಾನು ಹಿಂದಿನ ದಿನದಿಂದ ಬರೀ ಕೈಯನ್ನು ಕೇಳುತ್ತಿದ್ದೆ. ಅಪ್ಪನನ್ನು ಕೇಳಿಯೇ ಇರಲಿಲ್ಲ.

ಜೋಡಿಸಿದ ಕೈಗಳನ್ನು ನೋಡಿದೆ. ಅವುಗಳಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಅಪ್ಪನನ್ನು ಉಳಿಸು ಅಂದೆ. ಆಮೇಲೆ, ಬಾವಿಯ ಕಟ್ಟೆಯಿಂದ ಕಾಲು ಜಾರಿದವಳಂತೆ, ಆ ಮಾತು ಹೇಳಿದೆ. ನಿನ್ನಿಷ್ಟದಂಗೇ ಆಗ್ಲಿ. ಹೇಳಿದ ಮೇಲೆ ಯಾವ ಬೆಳಕೂ ಬರಲಿಲ್ಲ, ಯಾರೂ ಬೆರಳು ಹಿಡಿಯಲಿಲ್ಲ. ಆದರೆ ಏಳುವುದಕ್ಕೆ ಕಾಲಲ್ಲಿ ಬಲ ಬಂತು.

ಕೆಳಗೆ ಮಡಿಸಿಟ್ಟಿದ್ದ ವಲ್ಲಿ ಎತ್ತಿಕೊಂಡು ಒಳಗೆ ಹೋಗಿ ಅಪ್ಪನ ಎಡಗೈಮೇಲೆ ಹೊದಿಸಿದೆ. ಅದರ ಕೆಳಗೆ ನನ್ನ ಕೈ ತೂರಿಸಿ ಅವನ ಬೆರಳು ಹಿಡಿದೆ. ಮೈ ಮರೆತು ಮಲಗಿದ್ದವನು ಕಣ್ಣು ಬಿಟ್ಟ. ವಲ್ಲಿಯ ಕೆಳಗೆ ಬೆರಳು ಬಂದರೆ ಅವನಿಗೆ ಎಂಥ ಜ್ವರದಲ್ಲೂ ಎಚ್ಚರವಾಗುತ್ತಿತ್ತು.

"ಅಪ್ಪಾ, ಕೈ ಕೊಟ್ಬಿಡು. ನನ್ ಕೈ ಐತಲ್ಲ."

ಅವನು ಕೈ ಎಳೆದುಕೊಂಡ. ಆಗದು.

ಚಿಕ್ಕಪ್ಪ ಬಾಗಿಲಿಗೆ ಬಂದಿದ್ದ. "ಏಳೇ, ಸರಿ ಆ ಕಡೆ. ಎತ್ಬೇಕು ಅವನ್ನ." ಎಸ್ತರಮ್ಮ ಅಡ್ಡ ನಿಂತು, "ವಸಿ ತಡೀರಿ ಅಣ್ಣಾ, ವ್ಯಾಪಾರ ನಡೀತಾ ಐತೆ" ಎಂದಳು. ಎಂಥ ಮಾತು! ಚಿಕ್ಕಪ್ಪನೂ ಸಂತೆಯವನೇ. ವಲ್ಲಿಯ ಕೆಳಗೆ ಕೈಯಿರುವಾಗ ಮೂರನೆಯವನು ನಡುವೆ ಬರುವಂತಿಲ್ಲ. ಹಲ್ಲು ಕಚ್ಚಿಕೊಂಡು ನಿಂತ.

ನಾನು ಮತ್ತೆ ಕೈ ತೂರಿಸಿದೆ. ಈ ಸಲ ಬೆರಳು ಹಿಡಿಯಲಿಲ್ಲ. ನನ್ನ ಅಂಗೈಯನ್ನು ಬಿಚ್ಚಿ ಅವನ ಅಂಗೈಗೆ ತಾಗಿಸಿ ಸುಮ್ಮನೆ ಇಟ್ಟೆ. ಅಪ್ಪ ನನ್ನ ಮುಖ ನೋಡುತ್ತಲೇ ಇದ್ದ. ಹೊರಗೆ ಎತ್ತಿನ ಗಂಟೆ ಒಂದೆರಡು ಸಲ ಆಡಿತು. ಆಮೇಲೆ ಅವನ ಬೆರಳುಗಳು ನಿಧಾನವಾಗಿ ಮಡಚಿ ನನ್ನ ಇಡೀ ಕೈಯನ್ನು ಅಮುಕಿದವು.

"ನಿಮ್ಮಿಷ್ಟ, ಡಾಕ್ಟ್ರೇ" ಅಂದ ಅಪ್ಪ.

ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಬಾಗಿಲು ಮುಚ್ಚಿತು. ಮತ್ತು ಬರಿಸುವ ಕ್ಲೋರೋಫಾರ್ಮಿನ ಸಿಹಿ ವಾಸನೆ ಜಗಲಿಯವರೆಗೂ ಬಂತು. ಅದಾದ ಮೇಲೆ ಎಷ್ಟೋ ಕಾಲ ಬಾಳೆಹಣ್ಣು ಕೊಳೆತ ವಾಸನೆ ಬಂದರೂ ನನಗೆ ಆ ಮುಚ್ಚಿದ ಬಾಗಿಲೇ ನೆನಪಾಗುತ್ತಿತ್ತು. ಚಿಕ್ಕಪ್ಪ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ನಾನು ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ, ಏನನ್ನೂ ಹಾರಿಸದೆ, ಮತ್ತೆ ಮತ್ತೆ ಹೇಳುತ್ತಿದ್ದೆ. ಬಾಗಿಲು ತೆರೆದು ಡಾಕ್ಟರು, "ಉಸಿರು ಚೆನ್ನಾಗಿದೆ" ಎಂದಾಗ ಚಿಕ್ಕಪ್ಪ ಎದ್ದು ನಿಂತು ಕೇಳಿದ್ದು ಒಂದೇ:

"ಕೈ ನಮಗೆ ಕೊಡ್ತೀರಾ? ನಮ್ಮ ಹೊಲದಾಗೆ ಮಣ್ಣು ಮಾಡ್ಬೇಕು."

ಅದನ್ನು ಅಪ್ಪನ ವಲ್ಲಿಯಲ್ಲಿ ಸುತ್ತಿಕೊಟ್ಟರು. ಅಣ್ಣನನ್ನು ಒಯ್ಯಲು ಹೂಡಿದ್ದ ಗಾಡಿಯಲ್ಲಿ ಚಿಕ್ಕಪ್ಪ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರಕ್ಕೆ ಹೋದ.

ಮುಂದಿನ ಸಂಕ್ರಾಂತಿಗೆ ಅಪ್ಪ ಹೊಸ ವಲ್ಲಿ ಹೊದ್ದು ಸಂತೆಗೆ ಬಂದ. ಅದನ್ನು ನನ್ನ ಕೈಮೇಲೆ ಇಳಿಬಿಟ್ಟ. ಜನ ಗೊಳ್ಳೆಂದರು.

"ಏನ್ ಬಸಪ್ಪಾ, ಮಗಳ ಕೈ ತಂದಿದೀಯಾ?"

"ನನ್ ಕೈನೇ ಕಣ್ರಯ್ಯಾ, ವಸಿ ಚಿಕ್ಕದಾಗೈತೆ ಅಷ್ಟೇ. ಹಿಡಿದು ನೋಡ್ರಿ, ಆಮೇಲೆ ನಗ್ರಿ."

ಹಿಡಿದವರು ನಗಲಿಲ್ಲ. ನನ್ನ ವ್ಯಾಪಾರ ಶುರುವಾದದ್ದು ಹಾಗೆ. ಎಸ್ತರಮ್ಮನ ಒತ್ತಾಯಕ್ಕೆ ಅಪ್ಪ ನನ್ನನ್ನು ಮಿಷನ್ ಶಾಲೆಗೂ ಹಾಕಿದ. ದೊಡ್ಡವಳಾದ ಮೇಲೆ ನಾನು ಬುದ್ಧಿಪೂರ್ವಕವಾಗಿಯೇ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದೆ. ಅಪ್ಪ ಕೊನೆಯವರೆಗೂ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ ತಾನೂ ತುತ್ತೆತ್ತದೆ ಕಾಯುತ್ತಿದ್ದ.

ಈಗ ಮಂಡಿಯಲ್ಲಿ ದರವನ್ನು ಕೂಗಿ ಹೇಳುತ್ತಾರೆ, ಹಲಗೆಯ ಮೇಲೆ ಬರೆಯುತ್ತಾರೆ. ಒಳ್ಳೆಯದೇ, ಮೋಸ ಕಡಿಮೆ. ವಲ್ಲಿಯ ಕಾಲ ಹೋಯಿತೆಂದು ನಾನು ಅಳುವವಳಲ್ಲ. ಕಿರಿಯರಿಗೆ ಇವತ್ತಿಗೂ ಬುದ್ಧಿ ಹೇಳುತ್ತೇನೆ: ವ್ಯಾಪಾರದಲ್ಲಿ ಏನನ್ನು ಕೇಳುತ್ತಿದ್ದೀರಿ ಎಂಬುದನ್ನು ಮೊದಲು ಸರಿಯಾಗಿ ನೋಡಿಕೊಳ್ಳಿ, ದರ ಆಮೇಲೆ. ಪ್ರಾರ್ಥನೆಯಲ್ಲೂ ಅಷ್ಟೇ.

ನಾನು ಕಳೆದುಕೊಂಡದ್ದು ಬೇರೆ. ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರೊಡನೆ ಆ ಪ್ರಾರ್ಥನೆ ಹೇಳುತ್ತೇನೆ. 'ನಿನ್ನ ಚಿತ್ತವು ನೆರವೇರಲಿ' ಎಂಬುದು ನೀರು ಕುಡಿದಷ್ಟು ಸಲೀಸಾಗಿ ಬಾಯಿಂದ ಬರುತ್ತದೆ. ಎಷ್ಟೋ ಸಲ ಮನಸ್ಸು ಆಗ ಮರುದಿನದ ಕೊಬ್ಬರಿ ದರದ ಮೇಲಿರುತ್ತದೆ. ಆ ಒಂದು ಮಾತಿಗೆ ಬಂದು, ಉಸಿರು ಹಿಡಿದು, ಹೇಳಲಾರೆ ಎಂದು ನಿಂತುಬಿಡುತ್ತಿದ್ದ ಜಗಲಿಯ ಆ ಹುಡುಗಿ ನನ್ನೊಳಗೆ ಎಲ್ಲಿ ಹೋದಳೋ ತಿಳಿಯದು. ಅವಳಿಗೆ ಪ್ರಾರ್ಥನೆ ಬರುತ್ತಿತ್ತು.