ಜನರೇಟರ್ ಸದ್ದಿನ ಎರಡು ಸೆಕೆಂಡು

ಹಳೆಯ ಟೇಪಿನಲ್ಲಿ ಸತ್ತವರ ದನಿ ಕೇಳಿತೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗಲೂ ನಂಬುವುದಿಲ್ಲ. ನನ್ನ ನೆನಪನ್ನಂತೂ ಇನ್ನೂ ಕಡಿಮೆ ನಂಬುತ್ತೇನೆ. ಆದರೂ ತಮಿಳುನಾಡಿನ ಕೊಂಬೈಯ ನನ್ನ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಬರೆದಿಡುತ್ತೇನೆ.

ತಂಗಿಗೆ ಕಿವಿ ಚುಚ್ಚಿಸಿದ ದಿನದ ವೀಡಿಯೊ ಕ್ಯಾಸೆಟ್ ಅದು, ಕಂಪ್ಯೂಟರಿಗೆ ಇಳಿಸಿಕೊಂಡು ನೋಡುತ್ತಿದ್ದೆ. ಮರುವರ್ಷವೇ ಅವ್ವ ತೀರಿಕೊಂಡಳು. ಅವಳ ದನಿ ನನಗೆ ನೆನಪಿಲ್ಲ, ಅದು ಬೇರೆಲ್ಲೂ ದಾಖಲಾಗಿಲ್ಲ. ಟೇಪಿನಲ್ಲಿ ಒಂದು ಕಡೆ ಅವಳು ಕ್ಯಾಮೆರಾದತ್ತ ತಿರುಗಿ ಏನೋ ಹೇಳುತ್ತಾಳೆ. ನಾನು ಕ್ಯಾಮೆರಾದ ಪಕ್ಕ ನಿಂತಿದ್ದೆ, ನನಗೇ ಹೇಳಿದಳು ಎಂದು ಇಷ್ಟು ವರ್ಷ ನಂಬಿದ್ದೆ. ನೋಡಿದರೆ ನಾನು ಅವಳ ಬೆನ್ನ ಹಿಂದಿದ್ದೇನೆ. ಮಾತೆಲ್ಲ ಜನರೇಟರ್ ಸದ್ದಿನಲ್ಲಿ ಮುಳುಗಿದೆ.

ತನ್ನೂರು ಓಡೈಪಟ್ಟಿಯಿಂದ ದ್ರಾಕ್ಷಿ ತಂದಿದ್ದ ಚಿಕ್ಕವ್ವ ಪಕ್ಕದಲ್ಲೇ ಕೂತಿದ್ದಳು. "ಇದೇನ್ ಕಣ್ಣು, ಕಿವಿ ಚುಚ್ಚಿದ ಕ್ಯಾಸೆಟ್ಟಾ, ಹಿಟ್ಟಿನ ಗಿರಣಿದಾ?" ಎಂದಳು. ನನ್ನನ್ನು ಅವಳು ಕರೆಯುವುದು ಕಣ್ಣು ಎಂದೇ.

ಇಂಥ ಸದ್ದು ತೆಗೆಯಲು ಒಂದು ದಾರಿಯಿದೆ. ಯಾರೂ ಮಾತಾಡದ ತುಣುಕೊಂದನ್ನು ಆರಿಸಿ, ಇದೇ ಕಸ ಎಂದು ಕಂಪ್ಯೂಟರಿಗೆ ತೋರಿಸಬೇಕು. ಅದು ಟೇಪಿನುದ್ದಕ್ಕೂ ಆ ಸದ್ದನ್ನು ಕಳೆಯುತ್ತದೆ. ನಾನು ಮೊದಲಿನ ಎರಡು ಸೆಕೆಂಡು ಆರಿಸಿದೆ: ಖಾಲಿ ಚಪ್ಪರ, ಬಾಳೆಕಂಬ, ಮಡಚಿದ ಕುರ್ಚಿಗಳು.

ಗದ್ದಲ ಹೋಯಿತು. ಅವ್ವನ ತುಟಿ ಆಡುತ್ತಿತ್ತು. ದನಿಯೇ ಇರಲಿಲ್ಲ.

ಕಸವೆಂದು ಆರಿಸಿದ ತುಣುಕಿನಲ್ಲೇ ಏನೋ ತಪ್ಪಿರಬೇಕೆಂದು ಅದನ್ನು ಹಾಕಿ ಕೇಳಿದೆ. ಜನರೇಟರಿನ ನಡುವೆ, ತೀರ ಹತ್ತಿರದಿಂದ, ಒಂದು ಹೆಂಗಸಿನ ದನಿ: "ಉಂಡ್ಯಾ ಸಾಮಿ?"

ಚಿಕ್ಕವ್ವನ ಕೈಯ ದ್ರಾಕ್ಷಿ ಬಾಯಿಗೆ ಹೋಗಲಿಲ್ಲ. "ಅಕ್ಕ," ಎಂದಳು.

"ಕ್ಯಾಮೆರಾದ ಹಿಂದೆ ನಿಂತಿರಬೇಕು," ಎಂದೆ.

"ಎಲ್ಲಿಂದ ಮಾತಾಡ್ತಾಳೆ? ಅವತ್ತು ಅವಳಿಗೆ ಗಂಟಲೇ ಕಟ್ಟೋಗಿತ್ತು. ಮೂರು ದಿನ ಬರೀ ಕೈಸನ್ನೆ. ಕ್ಯಾಮೆರಾ ಮುಂದೆ ಸುಮ್ನೆ ಬಾಯಾಡಿಸಿದ್ಲು, ನಾವೆಲ್ಲ ನಕ್ವಿ."

ಗಂಟೆ ಮೂರಾಗಿತ್ತು. ನಾನು ಉಂಡಿರಲಿಲ್ಲ. ಇದಕ್ಕೆ ಅರ್ಥ ಕಟ್ಟುವುದಿಲ್ಲ. ನಮ್ಮಲ್ಲಿ ಮಕ್ಕಳನ್ನೆಲ್ಲ ಮುದ್ದಿಗೆ ಸಾಮಿ ಎನ್ನುತ್ತಾರೆ; ಆ ಪ್ರಶ್ನೆಯನ್ನು ಯಾರು ಯಾರಿಗೆ ಬೇಕಾದರೂ ಕೇಳಿರಬಹುದು.

ಮತ್ತೆ ಹಾಕಿದೆ. ಜನರೇಟರ್ ಮಾತ್ರ. ಕ್ಯಾಸೆಟ್ಟನ್ನೇ ಹಿಂದಕ್ಕೆ ಸುತ್ತಿ ಮೊದಲಿನಿಂದ ಮತ್ತೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಜನರೇಟರ್ ಮಾತ್ರ. ಚಿಕ್ಕವ್ವ ಸಂಜೆಯ ಬಸ್ಸಿಗೆ ಹೊರಟಳು. ತಿಂಗಳ ನಂತರ ಫೋನಿನಲ್ಲಿ ಕೇಳಿದಾಗ, "ನಾನೆಲ್ಲಿ ಕೇಳ್ತು ಅಂದೆ ಕಣ್ಣು? ನೀನೇ ತಾನೆ ಅಂದಿದ್ದು," ಎಂದಳು. ಹೇಳುವಾಗ ಅವಳು ನಗಲಿಲ್ಲ.

ಇರಬಹುದು. ಮಾತು ನೆನಪಿದೆ, ದನಿ ಆಗಲೇ ಜಾರಿಹೋಗಿದೆ. ನನಗೆ ಬೇಕಿದ್ದದ್ದು ದನಿಯೇ. ತಂಗಿ ಈಗ ತಮಿಳಿನಲ್ಲೇ ಮಾತಾಡುತ್ತಾಳೆ. ನಮ್ಮ ಕನ್ನಡದಲ್ಲಿ ಊಟವಾಯಿತೇ ಎಂದು ಕೇಳುವವರು ಈ ಮನೆಯಲ್ಲಿ ಯಾರೂ ಇಲ್ಲ.

ಆ ಟೇಪಿನ ಸದ್ದನ್ನು ನಾನು ಮತ್ತೆ ತೆಗೆಯಲು ಹೋಗಲಿಲ್ಲ, ಇದ್ದ ಹಾಗೇ ಉಳಿಸಿದ್ದೇನೆ. ಕೆಲವು ಮಧ್ಯಾಹ್ನ ಆ ಎರಡು ಸೆಕೆಂಡು ಹಾಕಿ ಕೇಳುತ್ತೇನೆ. ಅದಕ್ಕೆ ಮೊದಲು ತಪ್ಪದೆ ಊಟ ಮಾಡಿರುತ್ತೇನೆ.